ಗುಂಪಿಗೆ ಬೇಡ, ನನಗೇ ಹೇಳಿ

ಈ ವಾರ ಬಂದ ಪತ್ರವೊಂದು ನನ್ನನ್ನು ಕೆರಳಿಸಿದೆ. ಬರೆದವರಿಗೆ ಮದುವೆಯಾಗಿ ಹನ್ನೊಂದು ವರ್ಷ. ಮನೆಯಲ್ಲಿ ಜಗಳವಾದ ಮರುದಿನ ಬೆಳಿಗ್ಗೆ ಪತಿ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ಅಹಂಕಾರದ ಮೇಲೋ ಕೋಪದ ಮೇಲೋ ಒಂದು ಸುಭಾಷಿತ ಹಾಕುತ್ತಾರೆ. ಯಾರ ಹೆಸರೂ ಇರುವುದಿಲ್ಲ, ಆದರೆ ಗುರಿ ಯಾರೆಂದು ಎಲ್ಲರಿಗೂ ಗೊತ್ತು. ನಾದಿನಿ ತಪ್ಪದೆ ಕೈಮುಗಿದ ಚಿತ್ರ ಹಾಕಿ 'ಎಷ್ಟು ಸತ್ಯ ಅಣ್ಣಾ' ಎನ್ನುತ್ತಾರೆ. ಉತ್ತರವಾಗಿ ಬಸವಣ್ಣನವರ 'ಲೋಕದ ಡೊಂಕ ನೀವೇಕೆ ತಿದ್ದುವಿರಿ' ವಚನವನ್ನು ಹಾಕಿಬಿಡಲೇ ಎಂಬುದು ಪ್ರಶ್ನೆ.

ಸೋದರಿ, ಪತ್ರದ ಕೊನೆಗೆ ಆವರಣದೊಳಗೆ ಒಂದು ಸಾಲು ಬರೆದಿದ್ದೀರಿ: 'ನನಗೊಬ್ಬಳಿಗೇ ಎಂದು ಅವರು ಇಂಥದ್ದೊಂದನ್ನೂ ಕಳುಹಿಸಿಲ್ಲ.' ನಿಮ್ಮ ಕಷ್ಟವೆಲ್ಲ ಆ ಸಾಲಿನಲ್ಲಿದೆ. ಹೆಂಡತಿ ತಿದ್ದಿಕೊಳ್ಳಲಿ ಎಂಬ ಆಸೆ ಇದ್ದಿದ್ದರೆ ಆ ಮಾತು ಮೊದಲು ನಿಮ್ಮ ಕಿವಿಗೆ ಬೀಳುತ್ತಿತ್ತು. ಅವರಿಗೆ ಬೇಕಾಗಿರುವುದು ಮೆಚ್ಚುವ ಮಂದಿ. ಅಹಂಕಾರ ಬಿಡಿ ಎಂದು ನಾಲ್ಕು ಜನರ ಮುಂದೆ ಹೆಂಡತಿಗೆ ಬೋಧಿಸುವುದು ಅಹಂಕಾರವೇ.

17ನೇ ಶತಮಾನದ ಫ್ರೆಂಚ್ ಲೇಖಕ ಲಾ ರೋಶ್‌ಫುಕೋ ಮನುಷ್ಯನ ಒಣಜಂಭದ ಬಗ್ಗೆ ಬರೆದಷ್ಟು ನಿಷ್ಠುರವಾಗಿ ಬರೆದವರು ಕಡಿಮೆ. ನಮ್ಮ ಸದ್ಗುಣಗಳು ಬಹುಪಾಲು ವೇಷ ಹಾಕಿಕೊಂಡ ದುರ್ಗುಣಗಳೇ ಎಂದವನು ಅವನು. 1665ರಲ್ಲಿ ಮೊದಲು ಅಚ್ಚಾದ ಸೂಕ್ತಿಗಳನ್ನು 1678ರ ಐದನೇ ಆವೃತ್ತಿಯವರೆಗೂ ತಿದ್ದುತ್ತಲೇ ಇದ್ದ. ಪರರ ಕಷ್ಟವನ್ನು ಸಹಿಸುವಷ್ಟು ಶಕ್ತಿ ನಮಗೆಲ್ಲರಿಗೂ ಇದೆ ಎನ್ನುವಾಗ ಅವನು ತನ್ನನ್ನೂ ಆ ಸಾಲಿನಲ್ಲಿ ನಿಲ್ಲಿಸಿಕೊಳ್ಳುತ್ತಾನೆ. ನಿಮ್ಮ ಪತಿ ಕಳುಹಿಸುವ ನುಡಿಗಳಲ್ಲಿ ಅವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಇರುತ್ತಾರೆ.

ಹಾಗೆಂದು ಆ ವಚನವನ್ನು ನೀವೂ ಗುಂಪಿಗೆ ಹಾಕಬೇಡಿ. 'ನಿಮ್ಮ ನಿಮ್ಮ ಮನವ ಸಂತೈಸಿಕೊಳ್ಳಿ' ಎಂಬ ಮಾತನ್ನು ಇನ್ನೊಬ್ಬರಿಗೆ ಎಸೆಯಲು ಎತ್ತಿಕೊಂಡರೆ ಅದು ನಮ್ಮನ್ನೇ ಕೇಳುತ್ತದೆ. ಎಂಟು ಶತಮಾನ ದಾಟಿ ಬಂದ ಮಾತಿಗೆ ನಿಮ್ಮ ಮನೆಯ ಜಗಳದಲ್ಲಿ ಕಲ್ಲಾಗುವ ಗತಿ ಬರಬಾರದು.

ಇನ್ನು ನಿಮ್ಮ ನಾದಿನಿ. ನನಗೆ ಹೆಚ್ಚು ಸಿಟ್ಟು ಬಂದಿರುವುದು ಅವರ ಮೇಲೆ. ಜಗಳದ ವಿಷಯ ತಿಳಿದೂ ಅವರು ಕೈಮುಗಿಯುತ್ತಾರೆ. ಆ ಚಪ್ಪಾಳೆ ನಿಂತರೆ ನಿಮ್ಮ ಪತಿಯ ಉಪದೇಶ ಒಂದು ತಿಂಗಳೂ ಬಾಳುವುದಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದ ಹಿರಿಯರು ಆ ಜಗಳ ಮನೆಯೊಳಗೇ ಉಳಿಯುತ್ತದೆಂದು ನಂಬಿದ್ದರು. ದಂಪತಿಯ ಮಾತಿಗೆ ಮೂರನೆಯ ಕಿವಿ ಬೇಡ ಎಂದು ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ. ಮತ್ತೆ ಹೇಳುತ್ತೇನೆ.

ನೀವು ಮಾಡಬೇಕಾದದ್ದು ಒಂದೇ. ಇಂದು ರಾತ್ರಿ, ಮೊಬೈಲ್ ಬದಿಗಿಟ್ಟು, ಅವರಿಗೆ ಹೇಳಿ: 'ನನ್ನ ತಪ್ಪಿದ್ದರೆ ನನ್ನ ಹೆಸರು ಹಿಡಿದು ನನಗೇ ಹೇಳಿ. ಕೇಳುತ್ತೇನೆ. ಗುಂಪಿನ ಮೂಲಕ ಹೇಳಿದರೆ ಇನ್ನು ಓದುವುದಿಲ್ಲ.' ಹೇಳಿದಂತೆ ನಡೆದುಕೊಳ್ಳಿ. ಅವರು ನೇರವಾಗಿ ಹೇಳಲು ಕುಳಿತಾಗ ಮಧ್ಯೆ ಬಾಯಿ ಹಾಕಬೇಡಿ. ನಾದಿನಿಯ ಹತ್ತಿರ ಈ ವಿಷಯ ಎತ್ತಲೇಬೇಡಿ. ಅವರಿಗೆ ಹೇಳಬೇಕಾದವರು ಅವರ ಅಣ್ಣ.