ಬೋರ್ಡಿನ ದರ ಒಂದು, ಬಿಲ್ಲಿನ ಮೊತ್ತ ಇನ್ನೊಂದು

ಓದುಗರ ಪ್ರಶ್ನೆ – ಗ್ರಾಹಕ ಅಂಕಣ

ಮಲೆನಾಡಿನ ಪ್ರವಾಸಕ್ಕೆ ಲಾಡ್ಜ್ ಹುಡುಕುವವರು, ಕಾಯ್ದಿರಿಸಿದ ರೂಮು ರದ್ದುಮಾಡಿ ಹಣ ಕಳೆದುಕೊಂಡವರು ಬರೆದ ಪತ್ರಗಳಲ್ಲಿ ನಾಲ್ಕನ್ನು ಆರಿಸಿ ಈ ಬಾರಿ ಉತ್ತರಿಸಲಾಗಿದೆ.

ಪ್ರಶ್ನೆ: ಶ್ರಾವಣದಲ್ಲಿ ಜೋಗ ನೋಡಲು ನಾವು ದಂಪತಿ, ನಮ್ಮ ಅತ್ತೆ, 11 ಮತ್ತು 6 ವರ್ಷದ ಇಬ್ಬರು ಮಕ್ಕಳು ಹೊರಟಿದ್ದೇವೆ. ಸಾಗರದಲ್ಲಿ ಎರಡು ರಾತ್ರಿಗೆ ಎರಡು ರೂಮು ಬೇಕು. ಒಂದು ಲಾಡ್ಜಿನಲ್ಲಿ ರೂಮಿಗೆ 1,600 ರೂಪಾಯಿ. ಚೆಕ್ ಇನ್‌ಗೆ 24 ಗಂಟೆ ಮೊದಲು ರದ್ದುಮಾಡಿದರೆ ಪೂರ್ತಿ ಹಣ ವಾಪಸ್, 8 ವರ್ಷದವರೆಗಿನ ಮಕ್ಕಳಿಗೆ ಶುಲ್ಕವಿಲ್ಲ. ಇನ್ನೊಂದರಲ್ಲಿ 1,400 ರೂಪಾಯಿ. ಹಣ ವಾಪಸ್ ಇಲ್ಲ, ರೂಮಿನಲ್ಲಿ ಮೂರನೆಯವರಾಗಿ ಉಳಿಯುವ 5 ವರ್ಷ ದಾಟಿದ ಮಗುವಿಗೆ ರಾತ್ರಿಗೆ 300 ರೂಪಾಯಿ. ಹತ್ತಿರದ ಹಳ್ಳಿಯ ಹೋಂಸ್ಟೇಯಲ್ಲಿ ಊಟ ಸೇರಿ ತಲೆಗೆ 1,600 ರೂಪಾಯಿ. ಯಾವುದು ಅಗ್ಗ? – ಹಾಸನದ ಓದುಗರು

ಉತ್ತರ: ಲೆಕ್ಕವನ್ನು ರೂಮಿನ ದರದಿಂದ ಆರಂಭಿಸಬೇಡಿ, ನೀವು ಐದು ಜನ ಎರಡು ರಾತ್ರಿ ಉಳಿದು ಹೊರಡುವಾಗ ಒಟ್ಟು ಎಷ್ಟು ಹಣ ಕೊಟ್ಟಿರುತ್ತೀರಿ ಎಂಬುದರಿಂದ ಆರಂಭಿಸಿ. ದಿನಕ್ಕೆ 7,500 ರೂಪಾಯಿವರೆಗಿನ ರೂಮುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5 ಆಗಿದೆ. ಅದನ್ನು ಸೇರಿಸಿದರೆ ಮೊದಲ ಲಾಡ್ಜಿನಲ್ಲಿ ಎರಡು ರೂಮಿಗೆ ಎರಡು ರಾತ್ರಿಗೆ 6,720 ರೂಪಾಯಿ, ಎರಡನೆಯದರಲ್ಲಿ 5,880 ರೂಪಾಯಿ ಆಗುತ್ತದೆ. ಮೇಲ್ನೋಟಕ್ಕೆ 840 ರೂಪಾಯಿ ಉಳಿತಾಯ. ಆದರೆ ಅತ್ತೆಯವರ ಜೊತೆ ದೊಡ್ಡ ಮಗು ಮಲಗಿದರೂ 6 ವರ್ಷದ ಮಗು ನಿಮ್ಮ ರೂಮಿನಲ್ಲಿ ಮೂರನೆಯದಾಗುತ್ತದೆ. ಅದರ 300 ರೂಪಾಯಿ ಶುಲ್ಕಕ್ಕೂ ರೂಮಿನ ಬಾಡಿಗೆಯಷ್ಟೇ ತೆರಿಗೆ ಇರುವುದರಿಂದ ಎರಡು ರಾತ್ರಿಗೆ 630 ರೂಪಾಯಿ ಸೇರಿ ಒಟ್ಟು ಮೊತ್ತ 6,510ಕ್ಕೆ ಏರುತ್ತದೆ. ಉಳಿಯುವುದು 210 ರೂಪಾಯಿ ಮಾತ್ರ.

ಈಗ ಆ 210 ರೂಪಾಯಿಗಾಗಿ ನೀವು ಬಿಟ್ಟುಕೊಡುತ್ತಿರುವುದೇನು ಎಂದು ನೋಡಿ. ಹೊರಡುವ ಮುನ್ನಾದಿನಗಳಲ್ಲಿ ಒಂದು ಮಗುವಿಗೆ ಜ್ವರ ಬಂದರೂ ಅಷ್ಟೂ ಹಣ ಹೋದಂತೆಯೇ. 210ನ್ನು 6,720ಕ್ಕೆ ಹೋಲಿಸಿದರೆ ಮೂವತ್ತೆರಡರಲ್ಲಿ ಒಂದು ಪಾಲು. ಅಂದರೆ ಪ್ರವಾಸವನ್ನು ಸಮಯಕ್ಕೆ ಮೊದಲೇ ರದ್ದುಮಾಡಬೇಕಾಗಿ ಬರುವ ಸಂಭವ ಮೂವತ್ತೆರಡರಲ್ಲಿ ಒಂದಕ್ಕಿಂತ ಹೆಚ್ಚು ಎಂದು ನಿಮಗೆ ಅನ್ನಿಸಿದರೆ, 1,600 ರೂಪಾಯಿಯ ರೂಮೇ ನಿಮಗೆ ಅಗ್ಗ. ಶ್ರಾವಣದ ಮಳೆ, ಇಬ್ಬರು ಶಾಲೆಯ ಮಕ್ಕಳು, ಒಬ್ಬ ಹಿರಿಯರು – ಈ ಮೂರೂ ಕೂಡಿದ ಪ್ರವಾಸದಲ್ಲಿ ಆ ಸಂಭವ ಖಂಡಿತವಾಗಿಯೂ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಮಕ್ಕಳಿಲ್ಲದ ಇಬ್ಬರು ಬೇಸಿಗೆಯಲ್ಲಿ, ನಾಳೆಯೇ ಹೊರಡುವುದೆಂದು ನಿಶ್ಚಯಿಸಿ ಬುಕ್ ಮಾಡುವುದಾದರೆ ಹಣ ವಾಪಸ್ ಇಲ್ಲದ ಕಡಿಮೆ ದರವನ್ನೇ ಆರಿಸಿಕೊಳ್ಳಿ ಎಂದು ಹೇಳುತ್ತಿದ್ದೆ.

‘24 ಗಂಟೆ ಮೊದಲು’ ಎಂಬ ಷರತ್ತಿನಲ್ಲಿ ಬಹಳ ಜನ ಎಡವುತ್ತಾರೆ. ಶನಿವಾರದ ಚೆಕ್ ಇನ್ ಮಧ್ಯಾಹ್ನ 12ಕ್ಕೆ ಎಂದಿದ್ದರೆ ನಿಮ್ಮ ಗಡುವು ಶುಕ್ರವಾರ ಮಧ್ಯಾಹ್ನ 12ಕ್ಕೆ ಮುಗಿಯುತ್ತದೆಯೇ ಹೊರತು ಶುಕ್ರವಾರ ರಾತ್ರಿಗಲ್ಲ. ನೀವು ಸಂಜೆ ಊರು ತಲುಪುವವರಾದರೂ ಲೆಕ್ಕಕ್ಕೆ ಬರುವುದು ಲಾಡ್ಜಿನವರು ನಮೂದಿಸಿದ ಸಮಯವೇ. ಶುಕ್ರವಾರ ಸಂಜೆ ಹವಾಮಾನ ವರದಿ ನೋಡಿ ತೀರ್ಮಾನಿಸೋಣ ಎಂದು ಕಾಯುವವರಿಗೆ ಆ ವೇಳೆಗೆ ಬಾಗಿಲು ಮುಚ್ಚಿರುತ್ತದೆ.

ಹೋಂಸ್ಟೇಯ ದರವನ್ನು ಲಾಡ್ಜಿನ ದರದ ಪಕ್ಕದಲ್ಲಿ ಹಾಗೆಯೇ ಇಟ್ಟು ನೋಡಲಾಗದು, ಏಕೆಂದರೆ ಒಂದು ತಲೆಗೆ, ಇನ್ನೊಂದು ರೂಮಿಗೆ. ಮಕ್ಕಳಿಗೆ ಅರ್ಧ ದರವೆಂದು ಒಪ್ಪಿದರೂ ನಿಮ್ಮ ಕುಟುಂಬಕ್ಕೆ ಅಲ್ಲಿ ರಾತ್ರಿಗೆ 6,400 ರೂಪಾಯಿ ಆಗುತ್ತದೆ. ಅದರಲ್ಲಿ ಊಟ ತಿಂಡಿ ಸೇರಿದೆ ಎಂಬುದು ನಿಜ. ಆದರೆ ಸಾಗರದ ಹೋಟೆಲುಗಳಲ್ಲಿ ಐದು ಜನರ ಊಟ ತಿಂಡಿಗೆ ಆಗುವ ಖರ್ಚನ್ನು ಧಾರಾಳವಾಗಿ ಹಿಡಿದರೂ ಲಾಡ್ಜ್ ಕಡಿಮೆಯಲ್ಲೇ ಮುಗಿಯುತ್ತದೆ. ತೋಟದ ಮನೆಯಲ್ಲಿ ಉಳಿಯುವ ಸುಖಕ್ಕಾಗಿ ಹೋಗುವುದಾದರೆ ಹೋಗಿ, ಅದು ಅದಕ್ಕೆ ತಕ್ಕ ಖರ್ಚು. ಆಗಲೂ ಮೊದಲೇ ಫೋನ್ ಮಾಡಿ, ಮಳೆಯಲ್ಲಿ ನಿಮ್ಮ ಕಾರು ಮನೆಯ ಅಂಗಳದವರೆಗೆ ಬರುತ್ತದೆಯೇ ಅಥವಾ ಡಾಂಬರು ರಸ್ತೆಯಲ್ಲೇ ನಿಲ್ಲಿಸಿ ಅವರ ಜೀಪಿನಲ್ಲಿ ಹೋಗಬೇಕೇ, ಜೀಪಿನ ಬಾಡಿಗೆ ಯಾರದು, ಡ್ರೈವರ್ ಇದ್ದರೆ ಅವರ ಊಟ ವಸತಿಗೆ ಎಷ್ಟು, ಫೈರ್ ಕ್ಯಾಂಪ್ ದರದಲ್ಲಿ ಸೇರಿದೆಯೇ ಎಂದು ಒಂದೊಂದಾಗಿ ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದ ಸಣ್ಣ ಹೋಂಸ್ಟೇ ಜಿಎಸ್‌ಟಿ ನೋಂದಣಿ ಮಾಡಿಸಬೇಕಾಗಿಲ್ಲ. ಅಂಥವರಿಗೆ ನೇರವಾಗಿ ಫೋನ್ ಮಾಡಿ ಬುಕ್ ಮಾಡಿದರೆ ತೆರಿಗೆ ಬೀಳುವುದಿಲ್ಲ. ಅದೇ ರೂಮನ್ನು ಆ್ಯಪ್ ಮೂಲಕ ಪಡೆದರೆ ತೆರಿಗೆಯನ್ನು ಆ್ಯಪ್‌ನವರೇ ಕಟ್ಟಬೇಕಾಗಿರುವುದರಿಂದ ಅದು ನಿಮ್ಮ ಬಿಲ್ಲಿಗೆ ಬರುತ್ತದೆ, ಅದರ ಮೇಲೆ ಆ್ಯಪ್‌ನ ಸ್ವಂತ ಸೇವಾ ಶುಲ್ಕವೂ ಸೇರಬಹುದು. ನೇರವಾಗಿ ಬುಕ್ ಮಾಡಿದಾಗಲೂ ಯಾರಾದರೂ ಜಿಎಸ್‌ಟಿ ಕೇಳಿದರೆ, ಬಿಲ್ಲಿನಲ್ಲಿ 15 ಅಕ್ಷರ ಅಂಕಿಗಳ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ ಕೊಡಿ.

ಪ್ರಶ್ನೆ: ಆಗುಂಬೆ ನೋಡಲೆಂದು ಜುಲೈನಲ್ಲಿ ತೀರ್ಥಹಳ್ಳಿಯ ಲಾಡ್ಜೊಂದರಲ್ಲಿ ಆ್ಯಪ್ ಮೂಲಕ ಎರಡು ರಾತ್ರಿಗೆ ರೂಮು ಕಾಯ್ದಿರಿಸಿದ್ದೆವು. ಹಿಂದಿನ ರಾತ್ರಿ ರೆಡ್ ಅಲರ್ಟ್ ಬಂತು, ಬೆಳಿಗ್ಗೆ ರದ್ದುಮಾಡಿದೆವು. ಎರಡೂ ರಾತ್ರಿಯ ಬಾಡಿಗೆಯನ್ನು ಹಿಡಿದುಕೊಂಡು, ಅದರ ಮೇಲೆ ಜಿಎಸ್‌ಟಿಯನ್ನೂ ಹಾಕಿದ್ದಾರೆ. ಇದು ಸರಿಯೇ? – ದಾವಣಗೆರೆಯ ಓದುಗರು

ಉತ್ತರ: ತೆರಿಗೆಯ ವಿಷಯವನ್ನು ಮೊದಲು ಮುಗಿಸೋಣ. ರದ್ದತಿ ಶುಲ್ಕವಾಗಿ ಹಿಡಿದುಕೊಂಡ ಹಣಕ್ಕೂ ಮೂಲ ಸೇವೆಗೆ ಇರುವಷ್ಟೇ ದರದ ಜಿಎಸ್‌ಟಿ ಅನ್ವಯಿಸುತ್ತದೆ ಎಂದು ಕೇಂದ್ರದ ಪರೋಕ್ಷ ತೆರಿಗೆ ಮಂಡಳಿಯು 2022ರ ಆಗಸ್ಟ್ 3ರ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ತೆರಿಗೆ ಹಾಕಿದ್ದು ತಪ್ಪಲ್ಲ, ಆದರೆ ಅದು ರೂಮಿಗಿರುವ ತೆರಿಗೆ ದರವನ್ನು ಮೀರಬಾರದು: ಈಗಿನ ನಿಯಮದಂತೆ ಶೇ 5 ಇರಬೇಕಾದ ಕಡೆ ಶೇ 18 ಹಾಕಿದ್ದರೆ ಪ್ರಶ್ನಿಸಿ. ಆ್ಯಪ್‌ನ ಸ್ವಂತ ಸೇವಾ ಶುಲ್ಕದ ಮೇಲಿನ ಶೇ 18 ಬೇರೆ ಬಾಬತ್ತು. ಎರಡನ್ನೂ ಕಲಸಿ ಒಂದೇ ಸಾಲಿನಲ್ಲಿ ತೋರಿಸಿದ್ದರೆ ಬಿಡಿಸಿ ಕೊಡುವಂತೆ ಕೇಳುವುದು ನಿಮ್ಮ ಹಕ್ಕು.

ಮಳೆಯ ಕಾರಣ ನಿಮಗೆ ಹೆಚ್ಚು ನೆರವಾಗದು. ಲಾಡ್ಜ್ ತೆರೆದಿದ್ದು ರೂಮು ಸಿದ್ಧವಿದ್ದರೆ ಅದನ್ನು ಅತಿಥಿಯ ಕಡೆಯ ರದ್ದತಿ ಎಂದೇ ಎಣಿಸುತ್ತಾರೆ. ಜುಲೈನ ಆಗುಂಬೆಯಲ್ಲಿ ಜಡಿಮಳೆ ಅನಿರೀಕ್ಷಿತವಾಗಿತ್ತು ಎಂದು ವಾದಿಸುವುದೂ ಕಷ್ಟ. ಆದರೆ ಎರಡೂ ರಾತ್ರಿಯ ಬಾಡಿಗೆಯನ್ನು ಪೂರ್ತಿಯಾಗಿ ಇಟ್ಟುಕೊಂಡದ್ದರ ಬಗ್ಗೆ ನಾನು ನಿಮ್ಮ ಪಕ್ಷ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ದಂಡದ ಮೊತ್ತ ಬರೆದಿದ್ದರೂ ಸಿಗಬೇಕಾದದ್ದು ಆ ಮಿತಿಯೊಳಗಿನ ನ್ಯಾಯಯುತ ಪರಿಹಾರವೇ. ನೀವು ಬೆಳಿಗ್ಗೆಯೇ ತಿಳಿಸಿದ್ದೀರಿ. ಎರಡನೆಯ ರಾತ್ರಿಗೆ ರೂಮನ್ನು ಬೇರೆಯವರಿಗೆ ಕೊಡಲು ಅವರಿಗೆ ಒಂದು ಇಡೀ ದಿನವಿತ್ತು, ಕೊಟ್ಟಿದ್ದರೆ ಅವರಿಗಾದ ನಷ್ಟವೇನು? ಉಂಟಾದ ನಷ್ಟಕ್ಕೆ ಯಾವ ರೀತಿಯಲ್ಲೂ ತಾಳೆಯಾಗದ ದಂಡ ವಿಧಿಸುವ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ಕರಾರು ಎಂದು ಹೆಸರಿಸಿದೆ. ಆ ಬಗೆಯ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕಲ್ಲ, ರಾಜ್ಯ ಆಯೋಗಕ್ಕೆ ಹೋಗುತ್ತದೆಯಾದ್ದರಿಂದ, ಎರಡು ರಾತ್ರಿಯ ಬಾಡಿಗೆಗಾಗಿ ಬೆಂಗಳೂರಿನವರೆಗೆ ಓಡಾಡುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ.

ಇನ್ನು ಮುಂದೆ ಇಂಥ ಸಂದರ್ಭ ಬಂದರೆ ಆ್ಯಪ್‌ನಲ್ಲಿ ರದ್ದುಮಾಡುವ ಗುಂಡಿ ಒತ್ತುವ ಮೊದಲು ಲಾಡ್ಜಿನ ಮಾಲೀಕರಿಗೇ ಫೋನ್ ಮಾಡಿ, ಹಣ ವಾಪಸ್ ಬೇಡ, ದಿನ ಬದಲಿಸಿ ಕೊಡಿ ಎಂದು ಕೇಳಿ. ಮಲೆನಾಡಿನ ಸಣ್ಣ ಊರುಗಳಲ್ಲಿ ಲಾಡ್ಜ್ ನಡೆಸುವವರಿಗೆ ರಸ್ತೆಯ ಸ್ಥಿತಿ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ, ಈ ಕೋರಿಕೆಗೆ ಒಪ್ಪುವವರೇ ಹೆಚ್ಚು. ಒಮ್ಮೆ ರದ್ದಾದ ಬುಕಿಂಗ್‌ಗೆ ದಿನ ಬದಲಿಸಲು ಬರುವುದಿಲ್ಲ.

ಪ್ರಶ್ನೆ: ರಾತ್ರಿ ರೈಲಿನಲ್ಲಿ ನಸುಕಿನ 5ಕ್ಕೆ ಶಿವಮೊಗ್ಗಕ್ಕೆ ಇಳಿದಾಗ ಅರ್ಧ ದಿನದ ಬಾಡಿಗೆ ಹೆಚ್ಚಿಗೆ ಪಡೆದರು. ಊಟದ ಬಿಲ್ಲಿಗೆ ಶೇ 10 ಸರ್ವಿಸ್ ಚಾರ್ಜ್, ಯುಪಿಐ ಪಾವತಿಗೆ ಶೇ 2 ಹಾಕಿದರು. ಕೊಡಲೇಬೇಕೇ? – ತುಮಕೂರಿನ ಓದುಗರು

ಉತ್ತರ: ಚೆಕ್ ಇನ್ ಮಧ್ಯಾಹ್ನ 12ಕ್ಕೆ ಎಂದು ಮೊದಲೇ ತಿಳಿಸಿದ್ದರೆ ನಸುಕಿನಲ್ಲಿ ರೂಮು ಕೊಟ್ಟದ್ದಕ್ಕೆ ಹೆಚ್ಚುವರಿ ಕೇಳುವುದು ಅಕ್ರಮವಲ್ಲ. ನಿಮ್ಮಂತೆ ರಾತ್ರಿ ರೈಲಿಗೆ ಬರುವವರು ‘24 ಗಂಟೆ ಚೆಕ್ ಔಟ್’ ಇರುವ ಲಾಡ್ಜನ್ನೇ ಕೇಳಿ ಹಿಡಿಯುವುದು ಒಳ್ಳೆಯದು. ಅಲ್ಲಿ ಬೆಳಿಗ್ಗೆ 5ಕ್ಕೆ ಸೇರಿದರೆ ಮರುದಿನ 5ರವರೆಗೆ ಒಂದೇ ದಿನದ ಬಾಡಿಗೆ. ದರ 200 ರೂಪಾಯಿ ಹೆಚ್ಚಿದ್ದರೂ ಅರ್ಧ ದಿನದ ಬಾಡಿಗೆಗಿಂತ ಅದು ಕಡಿಮೆಯೇ. ಸರ್ವಿಸ್ ಚಾರ್ಜನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ತೆಗೆದುಹಾಕಿ ಹೊಸ ಬಿಲ್ ಕೊಡಿ ಎಂದು ಧೈರ್ಯವಾಗಿ ಹೇಳಿ. ಬ್ಯಾಂಕ್ ಖಾತೆಯಿಂದ ನೇರವಾಗಿ ಆಗುವ ಯುಪಿಐ ಪಾವತಿಗೆ 2020ರ ಜನವರಿಯಿಂದ ವ್ಯಾಪಾರಿಯಿಂದ ಬ್ಯಾಂಕು ಶುಲ್ಕ ಪಡೆಯುವುದಿಲ್ಲ. ಹಾಗಿರುವಾಗ ಆ ಶೇ 2 ಯಾವುದಕ್ಕೆ ಎಂದು ಕೇಳಿದರೆ ಅವರಲ್ಲಿ ಉತ್ತರವಿರುವುದಿಲ್ಲ.

ಪ್ರಶ್ನೆ: ಮಾರಿಕಾಂಬಾ ಜಾತ್ರೆಗೆಂದು ಸಾಗರದಲ್ಲಿ ಆ್ಯಪ್‌ನಲ್ಲಿ ಖಚಿತವಾಗಿದ್ದ ರೂಮನ್ನು ಹಿಂದಿನ ದಿನ ಲಾಡ್ಜಿನವರೇ ರದ್ದುಮಾಡಿ, ಬೇಕಿದ್ದರೆ ದುಪ್ಪಟ್ಟು ಕೊಡಿ ಎಂದರು. ಏನು ಮಾಡಬಹುದಿತ್ತು? – ಭದ್ರಾವತಿಯ ಓದುಗರು

ಉತ್ತರ: ಮೂರು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ರೂಮಿನ ದರ ಏರುವುದನ್ನು ತಡೆಯಲಾಗದು, ಆದರೆ ಒಪ್ಪಿ ಖಚಿತಪಡಿಸಿದ ದರವನ್ನು ಮುರಿಯುವುದು ಸೇವಾ ನ್ಯೂನತೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ತಾವಾಗಿಯೇ ರದ್ದುಮಾಡಿದಾಗ ಅಂಥದೇ ಶುಲ್ಕವನ್ನು ತಾವೂ ಭರಿಸದ ಆನ್‌ಲೈನ್ ಸಂಸ್ಥೆಗಳು ಗ್ರಾಹಕರಿಗೂ ರದ್ದತಿ ಶುಲ್ಕ ವಿಧಿಸುವಂತಿಲ್ಲ. ಆ ಹೊತ್ತಿನಲ್ಲಿ ಆ್ಯಪ್‌ನವರಿಂದ ಅದೇ ಮಟ್ಟದ ಬೇರೆ ರೂಮನ್ನು ಕೇಳಬಹುದಿತ್ತು; ಈಗಲೂ, ನೀವು ಬೇರೆಡೆ ಉಳಿದು ಹೆಚ್ಚಿಗೆ ಕೊಟ್ಟ ಹಣವನ್ನು ಕೇಳಬಹುದು. ಘಟನೆ ನಡೆದು ಎರಡು ವರ್ಷದೊಳಗೆ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ, ಅಂದರೆ ಶಿವಮೊಗ್ಗದಲ್ಲೇ, ದೂರು ಕೊಡಲು ಅವಕಾಶವಿದೆ; ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಖಚಿತಪಡಿಸಿದ ಸಂದೇಶ, ರದ್ದುಮಾಡಿದ ಸಂದೇಶ, ದುಪ್ಪಟ್ಟು ಕೇಳಿದ ಮಾತು ವಾಟ್ಸ್‌ಆ್ಯಪ್‌ನಲ್ಲಿದ್ದರೆ ಅದರ ಸ್ಕ್ರೀನ್‌ಶಾಟ್, ಬೇರೆ ಲಾಡ್ಜಿನ ಬಿಲ್ – ಈ ನಾಲ್ಕನ್ನು ಈಗಲೇ ತೆಗೆದಿಡಿ. ಫೋನಿನಲ್ಲಿ ಮಾತ್ರ ಕೇಳಿದ್ದರೆ, ಇಂಥ ದಿನ ಇಷ್ಟು ಗಂಟೆಗೆ ನೀವು ಹೀಗೆ ಹೇಳಿದಿರಿ ಎಂದು ಆ ಲಾಡ್ಜಿಗೆ ಒಂದು ಸಂದೇಶ ಕಳುಹಿಸಿ. ಅವರು ಅದಕ್ಕೆ ಕೊಡುವ ಉತ್ತರವನ್ನೂ ದೂರಿನ ಜೊತೆಗೆ ಲಗತ್ತಿಸಿ.