ನೆಂಟ್ರು ಬಂದ್ರೆ ಊರಲ್ಲಿ ಏನ್ ತೋರ್ಸೋದು?

ಪ್ರಶ್ನೆ: ಮೇಡಂ, ನಾನು ಹುಟ್ಟಿ ಬೆಳ್ದಿದ್ದೆಲ್ಲಾ ಮೈಸೂರೇ. ರಜಾ ಬಂತಂದ್ರೆ ಬೆಂಗ್ಳೂರಿಂದ, ಹಾಸನದಿಂದ ನೆಂಟ್ರು ಬರ್ತಾರೆ. ಅರಮನೆ, ಝೂ, ಬೆಟ್ಟ, ಸಂಜೆ ಬೃಂದಾವನ ಅಂದ್ರೆ ಒಂದೂವರೆ ದಿನಕ್ಕೆ ಎಲ್ಲಾ ಮುಗೀತು. ಆದ್ರೂ ಹೊರಡುವಾಗ ಎಲ್ರೂ "ಇಲ್ಲೇ ಇದ್ಬಿಡೋಣ ಅನ್ಸುತ್ತೆ" ಅಂತಾರೆ. ನಮ್ಗೆ ದಿನಾ ಕಾಣೋದು ಟ್ರಾಫಿಕ್ಕು, ಕಿತ್ತೋಗಿರೋ ಫುಟ್‌ಪಾತು. ಅವ್ರಿಗೆ ಕಾಣೋದೇನು? ಒಂದು ಊರು ಇಷ್ಟ ಆಗೋಕೆ ನಿಜವಾಗ್ಲೂ ಏನಿರ್ಬೇಕು?
— ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮ ನೆಂಟ್ರನ್ನೇ ಒಂದ್ಸಲ ಕೇಳಿ ನೋಡಿ, "ಯಾವಾಗ ಹಾಗನ್ನಿಸ್ತು?" ಅಂತ. ಅರಮನೆ ಒಳಗೆ ಕ್ಯೂನಲ್ಲಿ ನಿಂತಿದ್ದಾಗ ಅನ್ನೋರು ಕಮ್ಮಿ. ಬೆಳಿಗ್ಗೆ ನಿಮ್ಮ ಜೊತೆ ಹಾಲು ತರೋಕೆ ಬಂದಾಗ, ಮರದ ನೆರಳಲ್ಲಿ ನಡ್ಕೊಂಡು ಹೋಗ್ತಾ ಮೂಲೆ ಹೋಟ್ಲಲ್ಲಿ ನಿಂತ್ಕೊಂಡು ಕಾಫಿ ಕುಡಿದಾಗ, ಅಂಥ ಹೊತ್ತಲ್ಲಿ ಅನ್ಸಿರುತ್ತೆ. ನನ್ಗೆ ತಿಳ್ದ ಮಟ್ಟಿಗೆ ವಿಷ್ಯ ಇಷ್ಟೇ, ಊರಿನೋರು ತಮ್ಮ ಪಾಡಿಗೆ ತಾವು ಹೋಗಿ ಬರೋ ಜಾಗ ಎಲ್ಲಿದೆಯೋ, ಅಲ್ಲಿ ಹೊರಗಿನೋರಿಗೂ ಒಂದು ಮೂಲೆ ಸಿಕ್ಕಿದ್ರೆ ಅವ್ರಿಗೆ ಆ ಊರು ಹಿಡಿಸ್ಬಿಡುತ್ತೆ.

ದೇವರಾಜ ಮಾರ್ಕೆಟ್ಟನ್ನೇ ತಗೊಳ್ಳಿ. ಚಿಕ್ಕ ಗಡಿಯಾರದ ಹತ್ರ ಒಳಗೆ ಹೋದ್ರೆ ಸಯ್ಯಾಜಿರಾವ್ ರೋಡ್ ಪಕ್ಕಕ್ಕೇ ಧನ್ವಂತರಿ ರೋಡ್‌ವರೆಗೂ ಅಂಗಡಿ ಸಾಲು, ಏಳ್ನೂರಕ್ಕೂ ಹೆಚ್ಚು ಅಂಗಡಿ. ಹೂವಿನ ಸಾಲಲ್ಲಿ ಐದು ನಿಮಿಷ ಸುಮ್ನೆ ನಿಂತು ನೋಡಿ. ಹೂವಿನೋರು ಮಲ್ಲಿಗೆ ದಂಡೆ ಎತ್ತಿ ಮೊಣಕೈಯಿಂದ ಬೆರಳ ತುದಿವರೆಗೆ ಒಂದು ಮೊಳ ಅಳೀತಾರೆ, ಅಳೆದ್ಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟೇ ಕತ್ತರಿಸ್ತಾರೆ, ನೀರು ಚಿಮುಕಿಸಿ ಬಾಳೆಲೆಲಿ ಸುತ್ತಿ ಕೊಡ್ತಾರೆ. ಪಕ್ಕದಲ್ಲಿ ಕುಂಕುಮದ ಬಣ್ಣಬಣ್ಣದ ಗುಡ್ಡೆ, ಇನ್ನೊಂಚೂರು ಮುಂದೆ ಹೋದ್ರೆ ಬಾಳೆಗೊನೆ ನೇತಾಕಿರೋ ಓಣಿ, ವೀಳ್ಯದೆಲೆ ಕಟ್ಟು. ಕ್ಯಾಮೆರಾ ಹಿಡ್ಕೊಂಡು ಫಾರಿನ್ನಿನೋರು ನಿಂತಿರ್ತಾರೆ, ಅವ್ರ ಪಕ್ಕದಲ್ಲೇ ಗೌರಿ ಹಬ್ಬಕ್ಕೆ ಅಂತ ಬಂದ ಅಜ್ಜಿ ಬೆಲೆ ಚೌಕಾಸಿ ಮಾಡ್ತಿರ್ತಾರೆ. ಆ ಅಜ್ಜಿ ಬರೋದು ನಿಂತೋದ್ರೆ ಫಾರಿನ್ನಿನೋರು ಬರೋಕೂ ಕಾರಣ ಉಳಿಯಲ್ಲ, ನನ್ಗೆ ಭಯ ಇರೋದು ಇದೊಂದೇ ವಿಷ್ಯಕ್ಕೆ.

ಯಾಕಂದ್ರೆ ಇಂಥ ಜಾಗ ನಮ್ಮ ಕಣ್ಮುಂದೇನೇ ಹಾಳಾಗ್ತಿವೆ. 2012ರಲ್ಲಿ ಲ್ಯಾನ್ಸ್‌ಡೌನ್ ಬಿಲ್ಡಿಂಗಿನ ಒಂದು ಭಾಗ ಕುಸಿದು ಜನ ಸತ್ರು, ಹಳೇ ಪುಸ್ತಕದ ಅಂಗಡಿಗೆ ಅಂತ ಅಲ್ಲಿ ಹೋಗ್ತಿದ್ದೋರಿಗೆಲ್ಲಾ ಅದು ಮನೆಯೋರೇ ಹೋದಷ್ಟು ಸಂಕಟ. 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ಬಿತ್ತು, ಆಮೇಲೆ ಪೂರ್ತಿ ಒಡೆದು ಹೊಸ್ದಾಗಿ ಕಟ್ಟೋದಾ, ಇರೋದನ್ನೇ ರಿಪೇರಿ ಮಾಡೋದಾ ಅಂತ ವರ್ಷಗಟ್ಲೆ ಜಗಳ. ನನ್ನ ಅಭಿಪ್ರಾಯ ಕೇಳಿದ್ರೆ ರಿಪೇರಿನೇ ಮಾಡ್ಬೇಕು. ಸೋರೋ ಸೂರು, ಕಟ್ಕೊಂಡಿರೋ ಚರಂಡಿ, ಹಳೇ ವೈರಿಂಗು, ಇದನ್ನ ಕಾಲಕಾಲಕ್ಕೆ ನೋಡ್ಕೊಂಡಿದ್ರೆ ಇಲ್ಲಿಗೆ ಬರ್ತಾನೇ ಇರ್ಲಿಲ್ಲ.

ಇನ್ನೊಂದು ಹೇಳ್ಬೇಕು. ಮೈಸೂರಿನ ಅಗಲದ ರೋಡು, ಸರ್ಕಲ್ಲು ಎಲ್ಲಾ ಟೂರಿಸ್ಟಿಗೋಸ್ಕರ ಮಾಡಿದ್ದು ಅಂದ್ಕೊಂಡಿರೋರು ತುಂಬಾ ಜನ. 1890ರ ದಶಕದ ಕೊನೇಲಿ ಪ್ಲೇಗ್ ಬಂದು ಜನ ಊರು ಬಿಟ್ಟು ಗುಳೆ ಹೋದ್ರು. ಗಾಳಿ ಬೆಳಕಿಲ್ದೆ ಒತ್ತೊತ್ತಾಗಿದ್ದ ಕೇರಿಗಳನ್ನ ಸರಿಮಾಡೋಕೆ ಅಂತ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಆಯ್ತು, ಹೊಸ ಬಡಾವಣೆ, ಮನೆ ಹಿಂದೆ ಗಲೀಜು ತೆಗೆಯೋಕೆ ಬೇರೆ ಓಣಿ, ಚರಂಡಿ ಎಲ್ಲಾ ಬಂತು. ಜನ ಸಾಯ್ಬಾರ್ದು ಅಂತ ಮಾಡಿದ ಕೆಲ್ಸ ಅದು, ಈಗ ಬಂದೋರು "ಎಷ್ಟು ಚೆನ್ನಾಗಿ ಪ್ಲಾನ್ ಮಾಡಿದಾರೆ" ಅಂತ ಫೋಟೋ ತೆಗೀತಾರೆ. ಕುಕ್ಕರಹಳ್ಳಿ ಕೆರೆನೂ ಹಂಗೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನೀರಿಗೆ ಅಂತ ಕಟ್ಟಿಸಿದ್ದು. ಕುವೆಂಪು ವಾಕ್ ಮಾಡ್ತಿದ್ದ ಆ ದಾರೀಲಿ ಇವತ್ತೂ ಬೆಳಿಗ್ಗೆ ಆರಕ್ಕೆ ಹೋದ್ರೆ ರಿಟೈರ್ ಆದೋರು, ಎಕ್ಸಾಮಿಗೆ ಓದ್ತಾ ಓಡಾಡೋ ಹುಡುಗ್ರು, ನೀರಿನ ಮಧ್ಯೆ ಹೆಜ್ಜಾರ್ಲೆಗಳು. ನಿಮ್ಮ ಮನೆಯಿಂದ ನಡ್ಕೊಂಡೇ ಹೋಗ್ಬಹುದು. ನೆಂಟ್ರನ್ನ ಕರ್ಕೊಂಡ್ ಹೋಗಿದೀರಾ?

ಬೆಟ್ಟಕ್ಕೂ ಕಾರಲ್ಲಿ ಹತ್ತಿಸಿ ಇಳಿಸಿ ಬಿಡ್ಬೇಡಿ. ಸಾವಿರ ಮೆಟ್ಲು ಇದಾವೆ, ಮಂಡಿ ನೋವಿಲ್ದೋರು ನಿಧಾನಕ್ಕೆ ಹತ್ತಲಿ. ಆಷಾಢದಲ್ಲಿ ಹೆಂಗಸ್ರು ಒಂದೊಂದು ಮೆಟ್ಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಕೊಂಡು ಹತ್ತೋದಿದ್ಯಲ್ಲ, ಸೊಂಟ ಹಿಡ್ಕೊಂಡು ನಿಂತು, ಸೆರಗಲ್ಲಿ ಬೆವರು ಒರೆಸ್ಕೊಂಡು, ಮತ್ತೆ ಬಗ್ತಾರೆ. ದೊಡ್ಡದೇವರಾಜ ಒಡೆಯರ ಕಾಲದ ನಂದಿ ಹತ್ರ ಬರೋಷ್ಟೊತ್ತಿಗೆ ಕೈಯೆಲ್ಲಾ ಕೆಂಪಾಗಿರುತ್ತೆ. ನೆಂಟ್ರ ಮಕ್ಳು ಇದನ್ನ ನೋಡಿದ್ರೆ ಮರೆಯಲ್ಲ.

ನಿಮ್ಮ ದೂರೂ ಸರಿನೇ ಇದೆ, ಅದನ್ನ ತಳ್ಳಿಹಾಕಲ್ಲ. ಹೋದ ವರ್ಷ ನಮ್ಮಮ್ಮನ್ನ ಕರ್ಕೊಂಡು ಒಂದು ಹೆಸರಾಂತ ಜಾಗಕ್ಕೆ ಹೋಗಿದ್ದೆ, ಊರ ಹೆಸ್ರು ಬೇಡ. ಟಿಕೆಟ್ ಕೌಂಟ್ರು ನಾಲ್ಕಿತ್ತು, ಟಾಯ್ಲೆಟ್ ಒಂದೇ, ಅದಕ್ಕೂ ಬೀಗ. ಎಪ್ಪತ್ತೆರಡರ ಹೆಂಗಸು ಕೂತ್ಕೊಳ್ಳೋಕೆ ಒಂದು ಕಲ್ಲುಬೆಂಚೂ ಇರ್ಲಿಲ್ಲ, ಅಮ್ಮ ನೀರು ಕುಡಿಯೋದೇ ಬಿಟ್ಬಿಟ್ರು. ವಾಪಸ್ ಬಂದ್ಮೇಲೆ ಅವ್ರಿಗೆ ಆ ಜಾಗದ ಶಿಲ್ಪ ಒಂದೂ ನೆನಪಿಲ್ಲ, ಬಾಯಾರಿಕೆ ಮಾತ್ರ ನೆನಪಿದೆ. ನಡೆಯೋಕೆ ಸಮನಾದ ಫುಟ್‌ಪಾತು, ಮರದ ನೆರಳು, ಕ್ಲೀನಾದ ಟಾಯ್ಲೆಟ್ಟು, ರಾತ್ರಿ ಒಂಬತ್ತಕ್ಕೂ ಹೆಣ್ಣುಮಕ್ಳು ಧೈರ್ಯವಾಗಿ ಹತ್ತೋ ಬಸ್ಸು, ಇದು ನೆಂಟ್ರಿಗೂ ಬೇಕು, ನಿಮ್ಮ ಮನೆ ಅಜ್ಜಿಗೂ ಬೇಕು. ಕಾರ್ಪೊರೇಷನ್ನಿಗೆ ಹೋಗಿ ಕೇಳ್ಬೇಕಾಗಿರೋದು ಇದನ್ನೇ, ಇನ್ನೊಂದು ಸೆಲ್ಫಿ ಪಾಯಿಂಟು ಬೇಡ.

ಮುಂದಿನ್ಸಲ ಭಾನುವಾರ ಸಿಕ್ಕಿದ್ರೆ ಸಂಜೆ ಏಳಕ್ಕೆ ಅರಮನೆ ಹತ್ರ ಇರಿ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟೋಯ್ತು, ಈಗಿರೋದು ಹೆನ್ರಿ ಇರ್ವಿನ್ ಪ್ಲಾನ್ ಮಾಡಿದ್ದು, 1912ರಲ್ಲಿ ಮುಗೀತು, ಇದೆಲ್ಲಾ ಗೈಡ್ ಹೇಳ್ತಾನೆ. ಆದ್ರೆ ಲಕ್ಷದ ಹತ್ರ ಬಲ್ಬು ಒಟ್ಟಿಗೆ ಹತ್ತಿದ ಕ್ಷಣ ಇಡೀ ಗುಂಪು "ಓ" ಅನ್ನುತ್ತಲ್ಲ, ಅದ್ರಲ್ಲಿ ಅರ್ಧಕ್ಕರ್ಧ ಮೈಸೂರಿನೋರೇ, ನೂರು ಸಲ ನೋಡಿದೋರೇ. ಚುರುಮುರಿ ಪೊಟ್ಣ ಹಿಡ್ಕೊಂಡು ನೀವೂ ನಿಲ್ಲಿ.

ಪ್ರಶ್ನೆ: ಮೇಡಂ, ನಮ್ಮ ಧಾರವಾಡದಾಗ ಅರಮನಿ ಇಲ್ಲ, ಸಮುದ್ರ ಇಲ್ಲ. ಬಂದ ಮಂದಿ ಪೇಢಾ ಕಟ್ಟಿಸ್ಕೊಂಡು ದಾಂಡೇಲಿ ಹಾದಿ ಹಿಡೀತಾರ. ಅವ್ರು ಎರಡ ದಿನ ನಿಲ್ಲಬೇಕಂದ್ರ ಏನ್ ಮಾಡಬೇಕ್ರಿ?
— ಓದುಗರು, ಧಾರವಾಡ

ಉತ್ತರ: ನಿಮ್ಮೂರಲ್ಲಿ ಇರೋದು ಕಿವಿಗೆ ಸಂಬಂಧಪಟ್ಟಿದ್ದು. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ಈಗ ಸ್ಮಾರಕ ಆಗಿದೆ, ಸಾಧನಕೇರಿಲಿ ಬೇಂದ್ರೆಯವರ ಮನೆ, ಎದುರಿಗೆ ಕೆರೆ. 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಭಾಷಣ, ಪುಸ್ತಕ ಬಿಡುಗಡೆ ಏನಾದ್ರೂ ನಡೀತಾನೇ ಇರುತ್ತೆ, ಯಾರು ಬೇಕಾದ್ರೂ ಹೋಗಿ ಕೂರ್ಬಹುದು. ಆದ್ರೆ ಲಾಡ್ಜಲ್ಲಿ ಇಳ್ಕೊಂಡಿರೋ ಮನುಷ್ಯನಿಗೆ ಇವತ್ತು ಸಂಜೆ ಎಲ್ಲಿ ಹಾಡು, ಎಲ್ಲಿ ನಾಟಕ ಅಂತ ಹೇಳೋರು ಯಾರು? ರೈಲ್ವೆ ಸ್ಟೇಷನ್ನಲ್ಲಿ, ಬಸ್ ಸ್ಟ್ಯಾಂಡಲ್ಲಿ, ಹೋಟ್ಲು ಗಲ್ಲಾ ಪಕ್ಕದಲ್ಲಿ "ಇಂದಿನ ಕಾರ್ಯಕ್ರಮ" ಅಂತ ಒಂದು ಕರೀ ಹಲಗೆ, ಸೀಮೆಸುಣ್ಣ ಇಡಿ. ದಿನಾ ಬರೆಯೋಕೆ ಕಾಲೇಜ್ ಹುಡುಗ್ರು ಸಿಗ್ತಾರೆ. ರಾತ್ರಿ ಒಂಬತ್ತಕ್ಕೆ ಮುಗಿಯೋ ಸಂಗೀತ ಕೇಳ್ಬೇಕಂದ್ರೆ ಆ ಮನುಷ್ಯ ರೂಮ್ ಮಾಡ್ಲೇಬೇಕು, ಬೆಳಿಗ್ಗೆ ಎದ್ದು ಸಾಧನಕೇರಿಗೆ ಬಂದೇ ಬರ್ತಾನೆ. ಪೇಢಾನೂ ಡಬ್ಬಿ ಕಟ್ಟಿಸ್ಕೊಂಡು ಓಡೋ ಬದ್ಲು ಅಲ್ಲೇ ಕೂತು ಬಿಸಿಬಿಸಿಯಾಗಿ ತಿನ್ನೋ ಹಾಗೆ ನಾಲ್ಕು ಖುರ್ಚಿ ಹಾಕ್ಲಿ.

ಪ್ರಶ್ನೆ: ದಸರಾ ಬಂದ್ರೆ ನಾವು ಮನೆಯಿಂದ ಹೊರಗೆ ಬರೋಕಾಗಲ್ಲ, ಊರು ನಮ್ದಾ ಟೂರಿಸ್ಟ್‌ಗಳದಾ ಅನ್ಸುತ್ತೆ. ಏನ್ ಹೇಳ್ತೀರಿ?
— ಓದುಗರು, ಚಾಮುಂಡಿಪುರಂ, ಮೈಸೂರು

ಉತ್ತರ: ಆ ಹತ್ತು ದಿನ ಕಷ್ಟನೇ, ಅದ್ರಲ್ಲೂ ಆಂಬುಲೆನ್ಸ್ ಸಿಕ್ಕಾಕೊಂಡಾಗ ಹೊಟ್ಟೆ ಉರಿಯುತ್ತೆ. ಕಾರುಗಳನ್ನ ಊರಾಚೆ ನಿಲ್ಲಿಸಿ ಅಲ್ಲಿಂದ ಬಸ್ಸಲ್ಲಿ ಕರ್ಕೊಂಡ್ ಬರೋದು ಬಿಟ್ರೆ ನನ್ಗೆ ಬೇರೆ ದಾರಿ ಕಾಣಲ್ಲ. ಜಂಬೂ ಸವಾರಿ ದಾರೀಲಿ ಪಾಸ್ ಇದ್ದೋರಿಗೆ ಖುರ್ಚಿ ಹಾಕೋದು ಕಮ್ಮಿ ಮಾಡಿ, ಬೆಳಿಗ್ಗೆನೇ ಬುತ್ತಿ ಕಟ್ಕೊಂಡು ಸಯ್ಯಾಜಿರಾವ್ ರೋಡ್ ಪಕ್ಕ ಚಾಪೆ ಹಾಸ್ಕೊಂಡು ಕೂರ್ತಾರಲ್ಲ, ಹಳ್ಳಿಯೋರು, ಊರಿನೋರು, ಅವ್ರಿಗೆ ಜಾಗ ಜಾಸ್ತಿ ಬಿಡ್ಬೇಕು. ದೀಪ ನೋಡೋಕೆ ನೀವು ಬೇಗ ಊಟ ಮುಗಿಸಿ ರಾತ್ರಿ ಹತ್ತರ ಮೇಲೆ ಹೊರಡಿ, ನಡ್ಕೊಂಡೇ. ದೊಡ್ಡ ಗಡಿಯಾರದ ಹತ್ರ ನಿಂತು ತಲೆ ಎತ್ತಿ ನೋಡಿ, 1927ರದ್ದು ಅದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿ ಹಬ್ಬಕ್ಕೆ ಕಟ್ಟಿದ್ದು, ಮುಳ್ಳಿನ ಸುತ್ತ ಅಂಕಿಗಳೆಲ್ಲಾ ಕನ್ನಡದಲ್ಲೇ ಇದಾವೆ. ಮೊಮ್ಮಕ್ಕಳಿದ್ರೆ ಟೈಮ್ ಎಷ್ಟು ಅಂತ ಅವ್ರ ಕೈಲೇ ಓದ್ಸಿ.