ಫ್ರಾನ್ಸ್‌ನ ಲಿಯೋನ್‌ನಲ್ಲಿ ಒಂದೇ ದಿನ ಇದ್ದರೆ ಗೋಡೆಚಿತ್ರ, ಹಳೆ ಕಟ್ಟಡ ಎಲ್ಲಿ ನೋಡಬೇಕು?

ಒಂದೇ ದಿನ ಅಂದ್ರೆ ಸೀದಾ ಕ್ರ್ವಾ ರೂಸ್ ಗುಡ್ಡಕ್ಕೆ ಹೋಗಿ. ಮೆಟ್ರೋ ಸಿ ಲೈನ್, ಎನೋನ್ ನಿಲ್ದಾಣ. ಅಲ್ಲಿಂದ ಸ್ವಲ್ಪ ನಡೆದರೆ ‘ಕನ್ಯೂ ಗೋಡೆ’ ಸಿಗುತ್ತದೆ. ಕನ್ಯೂ ಅಂದರೆ ಈ ಊರಿನ ರೇಷ್ಮೆ ನೇಕಾರರು. 1987ರಲ್ಲಿ ಬರೆದ ಚಿತ್ರ, ಸುಮಾರು 1,200 ಚದರ ಮೀಟರ್. ನಡುವೆ ಉದ್ದ ಮೆಟ್ಟಿಲು ಮೇಲೆ ಹೋಗುತ್ತದೆ. ದೂರದಿಂದ ನೋಡಿದರೆ ಹತ್ತಿಬಿಡೋಣ ಅನ್ನಿಸುತ್ತದೆ. ಆದರೆ ಕಿಟಕಿಯೂ ಸುಳ್ಳು, ಮೆಟ್ಟಿಲೂ ಸುಳ್ಳು! 1997 ಮತ್ತು 2013ರಲ್ಲಿ ಚಿತ್ರವನ್ನು ತಿದ್ದಿದರು. ಬಡಾವಣೆ ಬದಲಾದಂತೆ ಗೋಡೆಯೂ ಬದಲಾಯಿತು, ಅದರಲ್ಲಿರುವ ಜನರಿಗೂ ವಯಸ್ಸಾಯಿತು. ನನಗೆ ಜಾಸ್ತಿ ಹಿಡಿಸಿದ್ದು ಇದೇ.

ಆಮೇಲೆ ಸುತ್ತಲಿನ ನಿಜವಾದ ಮನೆಗಳನ್ನೂ ನೋಡಿ. ಕಿಟಕಿಗಳು ಯಾಕೆ ಅಷ್ಟು ಎತ್ತರ? ಒಳಗೆ ಎತ್ತರದ ಮಗ್ಗ ನಿಲ್ಲಬೇಕಿತ್ತು, ಅದಕ್ಕೆ ಸೂರಿನ ಎತ್ತರ ಸುಮಾರು 4 ಮೀಟರ್. ಬಟ್ಟೆಯಲ್ಲಿ ವಿನ್ಯಾಸ ನೇಯಲು ಮಗ್ಗಕ್ಕೆ ಜೋಡಿಸುವ ಸಾಧನಕ್ಕೆ ನಮ್ಮ ನೇಕಾರರು ಜಕಾರ್ಡ್ ಅಂತಾರಲ್ಲ, ಆ ಜಕಾರ್ಡ್ ಹುಟ್ಟಿದ್ದು ಈ ಊರಲ್ಲೇ.

ಗುಡ್ಡ ಇಳಿಯುವಾಗ ‘ಟ್ರಾಬೂಲ್’ ಹುಡುಕಿ. ಒಂದು ಬೀದಿಯ ಬಾಗಿಲಲ್ಲಿ ನುಗ್ಗಿ, ಕಟ್ಟಡದ ಅಂಗಳ ದಾಟಿ, ಇನ್ನೊಂದು ಬೀದಿಗೆ ಬರುವ ಓಣಿ ಅದು. ಜನ ವಾಸ ಇರುವ ಜಾಗ, ಅದಕ್ಕೆ ಮೆತ್ತಗೆ ಮಾತಾಡಿ. ಕೆಳಗೆ ಸೋನ್ ನದಿಯ ಹತ್ತಿರ ಊರಿನ ಹೆಸರಾಂತ ವ್ಯಕ್ತಿಗಳನ್ನು ಬರೆದ ಗೋಡೆಯಿದೆ: ಬಾಲ್ಕನಿಗಳಲ್ಲಿ ಸಿನಿಮಾದ ಲೂಮಿಯೇರ್ ಸಹೋದರರು, ಕೆಳಗೆ ಬಾಣಸಿಗ ಪಾಲ್ ಬೊಕ್ಯೂಸ್. ಸಮಯ ಉಳಿದರೆ ಹಳೆ ಲಿಯೋನ್ ಕಡೆಗೂ ಒಂದು ಸುತ್ತು ಹಾಕಿ.